ಮೆಕೆಂಜಿಗಳ ಚೌಕಳಿ ಬಟ್ಟೆ

'ಕುಚ್ ಕುಚ್ ಹೋತಾ ಹೈ' ಸಿನಿಮಾದ ಟೈಟಲ್ ಸಾಂಗ್ ನೆನಪಿದೆಯಾ? 1998ರ ಸಿನಿಮಾ. ಶಾರುಖ್ ಖಾನ್, ಕಾಜೋಲ್. ಸುತ್ತ ಹಸಿರು ಗುಡ್ಡ, ನೀರು, ಆ ನೀರಿನ ಪಕ್ಕದಲ್ಲಿ ಒಂದು ಪುಟ್ಟ ಕಲ್ಲಿನ ಕೋಟೆ. ಎಷ್ಟೋ ಜನ ಅದನ್ನು ಸ್ವಿಟ್ಜರ್ಲೆಂಡ್ ಅಂದುಕೊಂಡಿದ್ದಾರೆ. ಅಲ್ಲ. ಅದು ಸ್ಕಾಟ್ಲೆಂಡ್. ಕೋಟೆಯ ಹೆಸರು ಐಲೀನ್ ಡೊನಾನ್. ಶತಮಾನಗಳ ಕಾಲ ಅದು ಮೆಕೆಂಜಿ ಅನ್ನೋ ಒಂದು ಕುಲದ ಕೋಟೆಯಾಗಿತ್ತು. ಆ ಕುಲದ ಹುಡುಗರು ಹೈದರಾಲಿ ವಿರುದ್ಧ ಹೋರಾಡೋಕೆ ಬಂದು ನಮ್ಮ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಕೊಳೆತರು. ಅದೇ ಕುಲದ ಹೆಸರು ಹೊತ್ತ ಇನ್ನೊಬ್ಬ ನಮ್ಮ ಊರೂರು ಸುತ್ತಿ ಶಾಸನ, ಕೈಫಿಯತ್ತು ಅಂತ ಗಂಟು ಕಟ್ಟಿದ. ಈ ಎರಡರ ನಡುವೆ ಒಂದು ಬಟ್ಟೆಯ ಕಥೆ ಇದೆ. ಹೇಳಬೇಕಾಗಿರೋದು ಅದನ್ನೇ.

ಟಾರ್ಟನ್ ಅಂದರೆ ಏನು? ನಮ್ಮ ನೇಕಾರರಿಗೆ ಒಂದೇ ವಾಕ್ಯದಲ್ಲಿ ಅರ್ಥವಾಗುತ್ತೆ. ಹಾಸಿನಲ್ಲಿ ಯಾವ ಬಣ್ಣದ ಎಳೆಗಳು ಯಾವ ಲೆಕ್ಕದಲ್ಲಿ ಇವೆಯೋ, ಹೊಕ್ಕಿನಲ್ಲೂ ಅದೇ ಬಣ್ಣ, ಅದೇ ಲೆಕ್ಕ. ನೇಯ್ದಾಗ ಚೌಕಳಿ ಬೀಳುತ್ತೆ. ಹಸಿರು ಎಳೆ ನೀಲಿ ಎಳೆಯನ್ನು ದಾಟುವಲ್ಲಿ ಮೂರನೇ ಬಣ್ಣವೊಂದು ಹುಟ್ಟಿದ ಹಾಗೆ ಕಾಣುತ್ತೆ. ಉಣ್ಣೆಯ ಬಟ್ಟೆ, ದಪ್ಪ ನೇಯ್ಗೆ. ಅಷ್ಟೇ. ಮೆಕೆಂಜಿಗಳ ಟಾರ್ಟನ್ ಕಡುಹಸಿರು, ಕಡುನೀಲಿ, ಕಪ್ಪು; ಅದರ ಮೇಲೆ ಹಾದುಹೋಗುವ ಒಂದು ಬಿಳಿ ಗೆರೆ, ಒಂದು ಕೆಂಪು ಗೆರೆ. ಇವತ್ತು ಎಡಿನ್‌ಬರೋದ ಅಂಗಡಿ ಸಾಲಿಗೆ ಹೋಗಿ ನಿಮ್ಮ ಹೆಸರು ಮೆಕೆಂಜಿ ಅಂದರೆ ಸಾಕು, ಮಫ್ಲರ್‌, ಟೈ, ಕೊನೆಗೆ ಕೀಚೈನ್ ಕೂಡ ತೆಗೆದಿಡುತ್ತಾರೆ. ಇದು ನಿಮ್ಮ ಪೂರ್ವಜರ ಬಟ್ಟೆ ಸ್ವಾಮಿ, ಸಾವಿರ ವರ್ಷದ್ದು ಅಂತ ಸೇರಿಸಿದರೂ ಆಶ್ಚರ್ಯವಿಲ್ಲ. ಆ ಸಾವಿರ ವರ್ಷದ ಮಾತನ್ನು ಮಾತ್ರ ನಂಬಬೇಡಿ.

ಮೊದಲು ಕುಲದ ಮಾತು. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡನ್ನು ಹೈಲ್ಯಾಂಡ್ಸ್ ಅಂತಾರೆ. ಅಲ್ಲಿ ಗೇಲಿಕ್ ಭಾಷೆ. 'ಮ್ಯಾಕ್' ಅಂದರೆ ಮಗ. ಕೊಯಿನ್ಯಾಕ್, ಅಂದರೆ ಕೆನೆತ್ ಅನ್ನುವವನ ಮಕ್ಕಳು, ಮೊಮ್ಮಕ್ಕಳೇ ಮೆಕೆಂಜಿಗಳು. ಆದರೆ ಕುಲ ಅಂದರೆ ರಕ್ತಸಂಬಂಧ ಮಾತ್ರ ಅಂತ ತಿಳಿಯಬೇಡಿ. ಮುಖ್ಯಸ್ಥನ ಜಮೀನಿನಲ್ಲಿ ಉಳುವವನು, ಅವನ ದನ ಕಾಯುವವನು, ಅವನು ಕರೆದಾಗ ಕತ್ತಿ ಹಿಡಿದು ಬರುವವನು, ಎಲ್ಲರೂ ಅವನ ಕುಲದವರೇ. ನಮ್ಮ ಪಾಳೆಯಗಾರ ಮತ್ತು ಅವನ ಬಂಟರನ್ನು ನೆನಪಿಸಿಕೊಳ್ಳಿ, ಚಿತ್ರ ಸಿಗುತ್ತೆ. ಮ್ಯಾಕ್ರೇ ಅನ್ನೋ ಸಣ್ಣ ಕುಲವೊಂದು ಮೆಕೆಂಜಿಗಳಿಗೆ ಎಷ್ಟು ನಿಷ್ಠವಾಗಿತ್ತು ಅಂದರೆ ಜನ ಅವರನ್ನು 'ಮೆಕೆಂಜಿಗಳ ಉಕ್ಕಿನ ಅಂಗಿ' ಅಂತಲೇ ಕರೆಯುತ್ತಿದ್ದರು.

ಮೆಕೆಂಜಿಗಳ ಲಾಂಛನ ಸಾರಂಗದ ತಲೆ. ಅದಕ್ಕೊಂದು ಕಥೆ ಇದೆ. ಹದಿಮೂರನೇ ಶತಮಾನದಲ್ಲಿ ರಾಜ ಮೂರನೇ ಅಲೆಕ್ಸಾಂಡರ್ ಬೇಟೆಗೆ ಹೋದಾಗ ಗಾಯಗೊಂಡ ಸಾರಂಗವೊಂದು ಅವನ ಮೇಲೆ ನುಗ್ಗಿತಂತೆ. ಕಾಲಿನ್ ಫಿಟ್ಜ್‌ಜೆರಾಲ್ಡ್ ಅನ್ನೋ ಐರಿಷ್ ವೀರ ಅಡ್ಡ ಬಂದು ರಾಜನನ್ನು ಉಳಿಸಿದನಂತೆ. ರಾಜ ಜಮೀನು ಕೊಟ್ಟ, ಸಾರಂಗದ ಲಾಂಛನ ಕೊಟ್ಟ. ಅವನೇ ಮೆಕೆಂಜಿಗಳ ಮೂಲಪುರುಷ! ಕೇಳೋಕೆ ಚೆನ್ನಾಗಿದೆ. ಹೊಯ್ಸಳರ ಸಳ ಹುಲಿ ಕೊಂದ ಕಥೆ ಕೇಳಿ ಬೆಳೆದ ನಮಗಂತೂ ಇದು ತೀರಾ ಪರಿಚಿತ. ಆದರೆ ಇತಿಹಾಸಕಾರರು ಈ ಐರಿಷ್ ಮೂಲವನ್ನು ಒಪ್ಪುವುದಿಲ್ಲ. ಮೆಕೆಂಜಿಗಳು ಅಲ್ಲಿಯ ನೆಲದ ಗೇಲಿಕ್ ಜನವೇ ಅನ್ನುತ್ತಾರೆ. ತಮಾಷೆ ಏನು ಗೊತ್ತಾ? 1786ರಲ್ಲಿ ಆ ಮನೆತನದ ಮುಖ್ಯಸ್ಥ, ಬೆಂಜಮಿನ್ ವೆಸ್ಟ್ ಅನ್ನೋ ಹೆಸರಾಂತ ಕಲಾವಿದನಿಗೆ ದುಡ್ಡು ಕೊಟ್ಟು ಈ ಸಾರಂಗದ ಪ್ರಸಂಗವನ್ನು ಗೋಡೆಯಷ್ಟು ದೊಡ್ಡ ಚಿತ್ರವಾಗಿ ಬರೆಸಿದ. ಕಥೆಗೆ ಸಾಕ್ಷಿ ಇಲ್ಲದಿದ್ದರೆ ಏನಂತೆ, ಚೌಕಟ್ಟು ಹಾಕಿದ ಸಾಕ್ಷಿಯನ್ನೇ ಸೃಷ್ಟಿಸಿದರು. ಆ ಚಿತ್ರ ಈಗಲೂ ಎಡಿನ್‌ಬರೋದ ರಾಷ್ಟ್ರೀಯ ಗ್ಯಾಲರಿಯ ಸಂಗ್ರಹದಲ್ಲಿದೆ.

ದಾಖಲೆ ಇರುವ ಚರಿತ್ರೆಗೆ ಬಂದರೆ, ಮೆಕೆಂಜಿಗಳು ಬೆಳೆದದ್ದು ಕತ್ತಿಗಿಂತ ಹೆಚ್ಚಾಗಿ ಕಾಗದ ಪತ್ರದ ಜಾಣತನದಿಂದ. ಪಕ್ಕದ ಕುಲಗಳು ಕಾದಾಡಿ ಸೊರಗುತ್ತಿದ್ದಾಗ ಇವರು ರಾಜನ ಪಕ್ಷ ಹಿಡಿದು ಹಕ್ಕುಪತ್ರ ಮಾಡಿಸಿಕೊಳ್ಳುತ್ತಿದ್ದರು. 1610ರ ಹೊತ್ತಿಗೆ ಪಶ್ಚಿಮದ ಲೂಯಿಸ್ ದ್ವೀಪ ಇವರ ಕೈಗೆ ಬಂತು. 1623ರಲ್ಲಿ ಸೀಫೋರ್ತ್‌ನ ಅರ್ಲ್ ಅನ್ನೋ ಪದವಿ ಬಂತು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿವರೆಗೆ ಹಬ್ಬಿದ ಜಮೀನು.

ಆಮೇಲೆ ಎಡವಿದರು. ಲಂಡನ್ ಸಿಂಹಾಸನದ ಮೇಲೆ ಜರ್ಮನಿಯ ಹ್ಯಾನೋವರ್ ವಂಶದವರು ಬಂದು ಕೂತಾಗ, ಹಳೆಯ ಸ್ಟುವರ್ಟ್ ವಂಶವನ್ನು ವಾಪಸ್ ತರಬೇಕು ಅಂತ 1715ರಲ್ಲಿ ಬಂಡಾಯವೆದ್ದಿತು. ಐದನೇ ಅರ್ಲ್ ವಿಲಿಯಂ ಮೆಕೆಂಜಿ ಬಂಡಾಯಗಾರರ ಜೊತೆ ನಿಂತ, ಸೋತ, ಪದವಿ ಮತ್ತು ಆಸ್ತಿ ಎರಡನ್ನೂ ಕಳಕೊಂಡ. 1719ರಲ್ಲಿ ಸ್ಪೇನಿನ ಸೈನಿಕರನ್ನು ಕಟ್ಟಿಕೊಂಡು ಮತ್ತೆ ಬಂದ. ಆ ಸ್ಪೇನಿನವರ ಮದ್ದುಗುಂಡು ಇದ್ದದ್ದು ಐಲೀನ್ ಡೊನಾನ್ ಕೋಟೆಯಲ್ಲಿ. ಬ್ರಿಟಿಷ್ ನೌಕಾಪಡೆಯ ಹಡಗುಗಳು ಬಂದು ಕೋಟೆಯನ್ನು ಹಿಡಿದು, ಒಳಗಿದ್ದ ಮುನ್ನೂರಕ್ಕೂ ಹೆಚ್ಚು ಪೀಪಾಯಿ ಮದ್ದಿನಿಂದಲೇ ಅದನ್ನು ಉಡಾಯಿಸಿಬಿಟ್ಟವು. ಇನ್ನೂರು ವರ್ಷ ಅದು ಹಾಳುಗೋಡೆಯಾಗಿ ನಿಂತಿತ್ತು. ನೀವು ಸಿನಿಮಾದಲ್ಲಿ ನೋಡಿದ್ದು ಇಪ್ಪತ್ತನೇ ಶತಮಾನದಲ್ಲಿ ಮ್ಯಾಕ್ರೇ ಮನೆತನದವರೊಬ್ಬರು ಮತ್ತೆ ಕಟ್ಟಿಸಿದ ಕೋಟೆ. ಉಕ್ಕಿನ ಅಂಗಿಯವರು ಧಣಿಯ ಮನೆಯನ್ನು ರಿಪೇರಿ ಮಾಡಿಸಿದರು ಅನ್ನಿ.

ಕೊನೆಯ ಬಂಡಾಯ 1745ರದ್ದು. ಈ ಸಲ ಸೀಫೋರ್ತ್ ಮನೆ ಸುಮ್ಮನಿತ್ತು. ಆದರೆ ಮೆಕೆಂಜಿಗಳ ಇನ್ನೊಂದು ಕವಲಿನ ಕ್ರೊಮಾರ್ಟಿಯ ಅರ್ಲ್ ಜಾರ್ಜ್ ಮೆಕೆಂಜಿ, ಹದಿಹರೆಯದ ಮಗ ಜಾನ್‌ನನ್ನು ಕರಕೊಂಡು ಬಂಡಾಯಕ್ಕೆ ಹೋದ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಕಂಬರ್‌ಲೆಂಡ್‌ನ ಡ್ಯೂಕ್ ಬಂಡಾಯಗಾರರನ್ನು ನುಚ್ಚುನೂರು ಮಾಡಿದ. ಅಪ್ಪ ಮಗ ಇಬ್ಬರೂ ಅದರ ಹಿಂದಿನ ದಿನವೇ ಸೆರೆ ಸಿಕ್ಕಿದ್ದರು. ಅಪ್ಪನಿಗೆ ಮರಣದಂಡನೆ ಆಯ್ತು, ಆಮೇಲೆ ಪ್ರಾಣಭಿಕ್ಷೆ ಸಿಕ್ಕಿತು. ಮಗನಿಗೂ ಕ್ಷಮೆ ಸಿಕ್ಕಿತು. ಆಸ್ತಿ ಹೋಯ್ತು. ಹುಡುಗ ಸ್ವೀಡನ್‌ಗೆ ಹೋಗಿ ಅಲ್ಲಿಯ ಸೈನ್ಯ ಸೇರಿದ. ಈ ಜಾನ್ ಮೆಕೆಂಜಿಯನ್ನು ನೆನಪಿಟ್ಟುಕೊಳ್ಳಿ. ಲಾರ್ಡ್ ಮೆಕ್ಲಾಯ್ಡ್ ಅನ್ನೋದು ಅವನ ಬಿರುದು.

ಈಗ ಬಟ್ಟೆಗೆ ಬರೋಣ. ಕಲೋಡನ್ ಆದಮೇಲೆ ಲಂಡನ್ ಸರ್ಕಾರ ಒಂದು ಕಾನೂನು ತಂದಿತು. 1747ರ ಆಗಸ್ಟ್ 1ರಿಂದ ಸ್ಕಾಟ್ಲೆಂಡಿನಲ್ಲಿ ಗಂಡಸರು, ಹುಡುಗರು ಹೈಲ್ಯಾಂಡ್ ಉಡುಪು ಹಾಕುವಂತಿಲ್ಲ. ಕಿಲ್ಟ್ ಇಲ್ಲ, ಹೆಗಲ ಮೇಲಿನ ಹೊದಿಕೆ ಇಲ್ಲ, ಮೇಲಂಗಿಗೆ ಟಾರ್ಟನ್ ಬಟ್ಟೆ ಇಲ್ಲ. ಮೊದಲ ತಪ್ಪಿಗೆ ಆರು ತಿಂಗಳು ಜೈಲು. ಎರಡನೇ ತಪ್ಪಿಗೆ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. ಯೋಚನೆ ಮಾಡಿ. ಅಪ್ಪ ಹಾಕುತ್ತಿದ್ದ ಬಟ್ಟೆಯನ್ನೇ ಮಗ ಹಾಕಿದರೆ ಏಳು ವರ್ಷ ಗಡೀಪಾರು! ಒಂದು ಜನಾಂಗದ ಬೆನ್ನುಮೂಳೆ ಮುರಿಯಬೇಕಾದರೆ ಆಯುಧ ಕಿತ್ತುಕೊಂಡರೆ ಸಾಲದು, ಅಂಗಿಯನ್ನೂ ಕಿತ್ತುಕೊಳ್ಳಬೇಕು ಅಂತ ಅವರು ಲೆಕ್ಕ ಹಾಕಿದ್ದರು.

ಆದರೆ ಕಾನೂನಿನಲ್ಲಿ ಒಂದು ಸಣ್ಣ ಬಾಗಿಲು ಬಿಟ್ಟಿದ್ದರು. ರಾಜನ ಸೈನ್ಯದಲ್ಲಿರುವವನಿಗೆ ಈ ನಿಷೇಧ ಇಲ್ಲ. ಅಂದರೆ ಏನಾಯ್ತು? ಅಪ್ಪನ ಬಟ್ಟೆ ಬೇಕಾ? ಬಾ, ಸೈನ್ಯ ಸೇರು. ನಾವು ಹೇಳಿದ ದೇಶಕ್ಕೆ ಹೋಗು, ನಾವು ತೋರಿಸಿದವರ ಮೇಲೆ ಗುಂಡು ಹಾರಿಸು. ಇಷ್ಟು ಮಾಡಿದರೆ ಕಿಲ್ಟ್ ನಿನ್ನದು. ಮೂವತ್ತೈದು ವರ್ಷ ಹೈಲ್ಯಾಂಡ್ ಉಡುಪು ಹೆಮ್ಮೆಯಿಂದ, ಹಾಡುಹಗಲೇ ಉಳಿದದ್ದು ಸೈನಿಕರ ಮೈಮೇಲೆ.

ಇಲ್ಲೇ ಲಾರ್ಡ್ ಮೆಕ್ಲಾಯ್ಡ್ ಮತ್ತೆ ಬರುತ್ತಾನೆ. ಮೂವತ್ತು ವರ್ಷದ ಹಿಂದೆ ರಾಜನ ವಿರುದ್ಧ ಕತ್ತಿ ಎತ್ತಿದ್ದ ಹುಡುಗ 1777ರಲ್ಲಿ ಸ್ವೀಡನ್‌ನಿಂದ ವಾಪಸ್ ಬಂದು ಅದೇ ರಾಜವಂಶಕ್ಕಾಗಿ ಒಂದು ರೆಜಿಮೆಂಟ್ ಕಟ್ಟಿಕೊಟ್ಟ. 73ನೇ ಹೈಲ್ಯಾಂಡರ್ಸ್. ಕೈಯಲ್ಲಿ ಆಸ್ತಿಯಿಲ್ಲ, ಆದರೂ ಆ ಹೆಸರಿಗೆ ಜನ ಬಂದರು. ಮರುವರ್ಷ, 1778ರಲ್ಲಿ, ಪದವಿ ಮರಳಿ ಪಡೆದಿದ್ದ ಸೀಫೋರ್ತ್‌ನ ಅರ್ಲ್ ಕೆನೆತ್ ಮೆಕೆಂಜಿ ಇನ್ನೊಂದು ರೆಜಿಮೆಂಟ್ ಕಟ್ಟಿದ. ಈ ಎರಡು ರೆಜಿಮೆಂಟುಗಳಿಗೆ ಕೊಟ್ಟ ಬಟ್ಟೆಯೇ ಇವತ್ತಿನ ಮೆಕೆಂಜಿ ಟಾರ್ಟನ್. ಅದರ ತಳಪಾಯ ಯಾವುದು ಗೊತ್ತಾ? ಬ್ಲ್ಯಾಕ್ ವಾಚ್ ಅನ್ನೋ ಸರ್ಕಾರಿ ರೆಜಿಮೆಂಟಿನ ಹಸಿರು, ನೀಲಿ, ಕಪ್ಪು ಚೌಕಳಿ. ಬ್ಲ್ಯಾಕ್ ವಾಚ್ ಅಂದರೆ ಇದೇ ಗುಡ್ಡಗಾಡಿನ ಕುಲಗಳ ಮೇಲೆ ಕಣ್ಣಿಡೋಕೆ ಸರ್ಕಾರ ಇಟ್ಟಿದ್ದ ಕಾವಲು ಪಡೆ. ಅದರ ಬಟ್ಟೆಗೆ ಒಂದು ಬಿಳಿ ಗೆರೆ, ಒಂದು ಕೆಂಪು ಗೆರೆ ಸೇರಿಸಿದರು. ಮೆಕೆಂಜಿ ಟಾರ್ಟನ್ ರೆಡಿ. ಬಂಡಾಯದ ಕುಲದ ಗುರುತು, ಕಾವಲುಗಾರನ ಬಟ್ಟೆಯ ಮೇಲೆ ಎಳೆದ ಎರಡು ಗೆರೆ.

ಹಾಗಾದರೆ ಕಲೋಡನ್‌ನಲ್ಲಿ ಅವರು ಏನು ಹಾಕಿದ್ದರು? ಆ ಕಾಲದ ಕಲಾವಿದ ಡೇವಿಡ್ ಮೋರಿಯರ್ ಬರೆದ ಯುದ್ಧದ ಚಿತ್ರ ಇದೆ. ಅದರಲ್ಲಿ ಹೈಲ್ಯಾಂಡಿನವರ ಮೈಮೇಲೆ ಬಗೆಬಗೆಯ ಚೌಕಳಿ. ಒಬ್ಬನದಕ್ಕೂ ಇನ್ನೊಬ್ಬನದಕ್ಕೂ ತಾಳೆಯಿಲ್ಲ, ಒಬ್ಬನ ಮೈಮೇಲೇ ಎರಡು ಮೂರು ನಮೂನೆ. ಯಾವ ನೇಕಾರ ಸಿಕ್ಕಿದನೋ, ಯಾವ ಬಣ್ಣ ಇತ್ತೋ ಅದು. ತಮ್ಮವರು ಯಾರು ಅಂತ ಗುರುತಿಸುತ್ತಿದ್ದದ್ದು ಟೋಪಿಗೆ ಸಿಕ್ಕಿಸಿದ ಬಿಳಿ ರಿಬ್ಬನ್ನಿನಿಂದ. ಕುಲಕ್ಕೊಂದು ಟಾರ್ಟನ್ ಅನ್ನೋ ಕಟ್ಟುನಿಟ್ಟು ಆಗ ಇರಲೇ ಇಲ್ಲ.

ಸೀಫೋರ್ತ್‌ನ ಹುಡುಗರ ಕಥೆ ಕೇಳಿದರೆ ಹೊಟ್ಟೆ ತೊಳಸುತ್ತೆ. 1778ರ ಸೆಪ್ಟೆಂಬರ್. ಎಡಿನ್‌ಬರೋ ಪಕ್ಕದ ಲೀತ್ ಬಂದರಿನಲ್ಲಿ ಹಡಗು ಹತ್ತಬೇಕು. ಸಂಬಳ ಬಾಕಿ. ಅದರ ಮೇಲೆ ಒಂದು ಸುದ್ದಿ ಹಬ್ಬಿತು: ನಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿಬಿಟ್ಟಿದ್ದಾರೆ! ಮ್ಯಾಕ್ರೇ ಹುಡುಗರೇ ತುಂಬಿದ್ದ ಆ ಪಡೆ ತಿರುಗಿ ಬಿತ್ತು. ಕೋಲಿಗೆ ತಮ್ಮ ಟಾರ್ಟನ್ ಹೊದಿಕೆಯನ್ನೇ ಬಾವುಟವಾಗಿ ಕಟ್ಟಿಕೊಂಡು, ಬ್ಯಾಗ್‌ಪೈಪ್ ಊದುತ್ತಾ, ಊರ ಪಕ್ಕದ ಆರ್ಥರ್ಸ್ ಸೀಟ್ ಅನ್ನೋ ಬೆಟ್ಟ ಹತ್ತಿ ಕೂತರು. ಊರಿನ ಜನ ಊಟ ಹೊತ್ತು ಕೊಟ್ಟರು. ಕೆಲವು ದಿನ ಮಾತುಕತೆ ನಡೆದು, ಬಾಕಿ ಸಂಬಳ, ಕ್ಷಮಾದಾನ ಅಂತಾಗಿ ಇಳಿದು ಬಂದರು. ಅವರನ್ನು ಫ್ರಾನ್ಸಿನ ಹತ್ತಿರದ ಚಾನೆಲ್ ದ್ವೀಪಗಳಿಗೆ ಕಳಿಸಿದರು. ಆದರೆ 1781ರಲ್ಲಿ ಅದೇ ಪಡೆಯನ್ನು ಹಡಗಿಗೆ ಹತ್ತಿಸಿದ್ದು ಎಲ್ಲಿಗೆ? ಇಂಡಿಯಾಕ್ಕೇ. ಯಾವುದಕ್ಕೆ ಹೆದರಿ ಬೆಟ್ಟ ಹತ್ತಿದ್ದರೋ ಅದೇ ದಿಕ್ಕಿಗೆ. ದಾರಿಯಲ್ಲೇ ಅರ್ಲ್ ಸತ್ತ. ಹಣ್ಣು ತರಕಾರಿ ಇಲ್ಲದೆ ಸ್ಕರ್ವಿ ಬಂದು ಇನ್ನೂರಕ್ಕೂ ಹೆಚ್ಚು ಹುಡುಗರು ಸಮುದ್ರದ ಪಾಲಾದರು. 1782ರ ಏಪ್ರಿಲ್‌ನಲ್ಲಿ ಮದ್ರಾಸ್ ತಲುಪಿದಾಗ ಬಂದೂಕು ಹೊರುವ ತ್ರಾಣ ಇದ್ದವರು ಅರ್ಧಕ್ಕಿಂತಲೂ ಕಡಿಮೆ. ಈ ಹುಡುಗರ ಹೆಸರಿಗೆ ಯಾವ ಕಲಾವಿದನೂ ಗೋಡೆಯಷ್ಟು ದೊಡ್ಡ ಚಿತ್ರ ಬರೆಯಲಿಲ್ಲ.

ಲಾರ್ಡ್ ಮೆಕ್ಲಾಯ್ಡ್‌ನ ರೆಜಿಮೆಂಟ್ ಅವರಿಗಿಂತ ಮೊದಲೇ, 1780ರಲ್ಲಿ, ಮದ್ರಾಸಿಗೆ ಬಂದಿತ್ತು. ಆ ಜುಲೈನಲ್ಲೇ ಹೈದರಾಲಿ ಘಟ್ಟ ಇಳಿದು ಕರ್ನಾಟಿಕ್‌ಗೆ ನುಗ್ಗಿದ. ಸೆಪ್ಟೆಂಬರ್ 10, ಪೊಲ್ಲಿಲೂರು. ಕರ್ನಲ್ ಬೇಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದು ಅಳಿಸಿಹಾಕಿದರು. ಬೇಲಿಯ ಜೊತೆ ಇದ್ದವರಲ್ಲಿ 73ನೇ ರೆಜಿಮೆಂಟಿನ ಎರಡು ಕಂಪನಿಗಳೂ ಸೇರಿದ್ದವು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುವಣ ಗೋಡೆ ನೋಡಿದ್ದೀರಲ್ಲ? ಪಲ್ಲಕ್ಕಿಯಲ್ಲಿ ಕೂತ ಬೇಲಿ, ಸುತ್ತ ಕೆಂಪಂಗಿ ಸೈನಿಕರ ಚೌಕ, ಮೇಲೆ ಸ್ಫೋಟಿಸುವ ಮದ್ದಿನ ಬಂಡಿ. ಅದೇ ಯುದ್ಧ. ಮುಂದಿನ ಸಲ ಹೋದಾಗ ಆ ಕೆಂಪಂಗಿಗಳ ಒಳಗೆ ಗೇಲಿಕ್ ಮಾತಾಡುತ್ತಿದ್ದ ಗುಡ್ಡಗಾಡಿನ ಹುಡುಗರೂ ಇದ್ದರು ಅನ್ನೋದು ತಲೆಯಲ್ಲಿರಲಿ.

ಬದುಕಿ ಉಳಿದವರನ್ನು ಶ್ರೀರಂಗಪಟ್ಟಣಕ್ಕೆ ಎಳೆದು ತಂದರು. ಅವರಲ್ಲಿ 73ನೆಯದರ ಕ್ಯಾಪ್ಟನ್ ಡೇವಿಡ್ ಬೇರ್ಡ್ ಕೂಡ ಇದ್ದ. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಬಿಗಿದಿದ್ದಾರೆ ಅಂತ ಸ್ಕಾಟ್ಲೆಂಡಿಗೆ ಸುದ್ದಿ ಹೋದಾಗ ಅವನ ತಾಯಿ, ನನ್ನ ಮಗನ ಜೊತೆ ಕಟ್ಟಿಸಿಕೊಂಡವನ ಪಾಡು ದೇವರಿಗೇ ಪ್ರೀತಿ ಅಂದಳು ಅನ್ನೋ ಕಥೆ ಇದೆ. ಅಷ್ಟು ಸಿಡುಕ! 44 ತಿಂಗಳು ಅವನು ಅಲ್ಲಿದ್ದ. ಬೇಲಿ ಸೆರೆಯಲ್ಲೇ ಸತ್ತ, ಅವನ ಸ್ಮಾರಕ ಇವತ್ತಿಗೂ ಗುಂಬಜ್ ಹತ್ತಿರ ಇದೆ. ಬೇರ್ಡ್ ಬಿಡುಗಡೆಯಾಗಿ, ಹದಿನೈದು ವರ್ಷದ ನಂತರ, 1799ರ ಮೇ 4ರಂದು ಅದೇ ಊರಿನ ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ಮುನ್ನಡೆಸಿದ. ಟಿಪ್ಪು ಸತ್ತದ್ದು ಆವತ್ತು. ಅದು ನಿಮಗೆ ಗೊತ್ತಿರೋ ಕಥೆ.

ಗೊತ್ತಿಲ್ಲದ್ದು ಇದು. 1782ರ ಜುಲೈ 1ರಂದು ಲಂಡನ್ನಿನಲ್ಲಿ ಆ ಬಟ್ಟೆ ನಿಷೇಧದ ಕಾನೂನನ್ನು ರದ್ದು ಮಾಡಿದರು. ಇನ್ನು ಮುಂದೆ ಯಾರು ಬೇಕಾದರೂ ಟಾರ್ಟನ್ ಹಾಕಬಹುದು. ಅದೇ ದಿನ ಆ ಬಟ್ಟೆಯ ಹೆಸರಿನಲ್ಲಿ ಸೈನ್ಯ ಸೇರಿದ್ದ ಹುಡುಗರು ಶ್ರೀರಂಗಪಟ್ಟಣದಲ್ಲಿ ಕಾಲಿಗೆ ಕಬ್ಬಿಣ ಹಾಕಿಸಿಕೊಂಡು ಕೂತಿದ್ದರು. ಅದೇ ವರ್ಷದ ಕೊನೆಯಲ್ಲಿ ಮಲಬಾರಿನಲ್ಲಿ ಮೆಕೆಂಜಿ ಮನೆತನದ ಇನ್ನೊಬ್ಬ, ಕರ್ನಲ್ ಹಂಬರ್‌ಸ್ಟನ್ ಮೆಕೆಂಜಿಯ ಪಡೆಯನ್ನು ಟಿಪ್ಪು ಪೊನ್ನಾನಿವರೆಗೆ ಅಟ್ಟಿಸಿಕೊಂಡು ಹೋಗಿದ್ದ. ಡಿಸೆಂಬರ್ 7ಕ್ಕೆ ಹೈದರ್ ತೀರಿಕೊಂಡ ಸುದ್ದಿ ಬಂದು ಟಿಪ್ಪು ಹಿಂತಿರುಗದಿದ್ದರೆ ಆ ಪಡೆಯ ಗತಿ ಏನಾಗುತ್ತಿತ್ತೋ. ಹಂಬರ್‌ಸ್ಟನ್ ಮರುವರ್ಷ ಮರಾಠಾ ನೌಕಾಪಡೆಯ ಜೊತೆಗಿನ ಕಾದಾಟದಲ್ಲಿ ಗಾಯಗೊಂಡು ಸತ್ತ. ಲಾರ್ಡ್ ಮೆಕ್ಲಾಯ್ಡ್‌ಗೆ 1784ರಲ್ಲಿ ಅಪ್ಪ ಕಳಕೊಂಡ ಆಸ್ತಿ ವಾಪಸ್ ಸಿಕ್ಕಿತು. ಬೆಲೆ ಯಾರು ಕೊಟ್ಟರು ಅಂತ ನಾನು ಹೇಳಬೇಕಾಗಿಲ್ಲ.

ನಿಷೇಧ ಹೋಯ್ತು, ಆದರೆ ಹಳ್ಳಿಯ ನೇಕಾರನೂ ಅಷ್ಟರಲ್ಲಿ ಹೋಗಿದ್ದ. ಜಮೀನ್ದಾರರು ಕುರಿ ಸಾಕಣೆಗೆ ಅಂತ ರೈತರನ್ನು ಒಕ್ಕಲೆಬ್ಬಿಸುತ್ತಿದ್ದರು, ಜನ ಕೆನಡಾದ ಹಡಗು ಹತ್ತುತ್ತಿದ್ದರು. ಟಾರ್ಟನ್ ಈಗ ಕಾರ್ಖಾನೆಯ ಸರಕು. ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಕಂಪನಿ ಸೈನ್ಯಕ್ಕೆ ಟಾರ್ಟನ್ ನೇಯುತ್ತಿತ್ತು. ಅದರ ಎಷ್ಟೋ ನಮೂನೆಗಳಿಗೆ ಮೊದಲು ಬರೀ ನಂಬರ್ ಇತ್ತು. ಆಮೇಲೆ ಗಿರಾಕಿ ಕೇಳಿದ ಹಾಗೆ ಕುಲದ ಹೆಸರು ಬಂತು. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಸಮಾರಂಭದ ಉಸ್ತುವಾರಿ. ರಾಜನಿಗೇ ಕಿಲ್ಟ್ ತೊಡಿಸಿಬಿಟ್ಟರು! ಉಡುಪಿಗೆ ಸಾವಿರದ ಮುನ್ನೂರು ಪೌಂಡಿಗೂ ಹೆಚ್ಚು ಖರ್ಚು. ಕೊಬ್ಬಿದ ಮೈಗೆ ಕೆಂಪು ಟಾರ್ಟನ್, ಕಾಲಿಗೆ ಮಾಂಸದ ಬಣ್ಣದ ಬಿಗಿ ಚಡ್ಡಿ. ಕಲೋಡನ್‌ನಲ್ಲಿ ಈ ಬಟ್ಟೆಯವರನ್ನು ಕಡಿದ ಕಂಬರ್‌ಲೆಂಡ್ ಈ ರಾಜನಿಗೆ ಏನಾಗಬೇಕು? ಅಜ್ಜನ ತಮ್ಮ. ಅಲ್ಲಿಂದ ಮುಂದೆ ಪ್ರತಿ ಮನೆತನಕ್ಕೂ ಒಂದು ಟಾರ್ಟನ್ ಬೇಕೇ ಬೇಕು ಅಂತಾಯ್ತು. ಈಗ ಇದಕ್ಕೆಲ್ಲ ಸರ್ಕಾರಿ ನೋಂದಣಿ ಪುಸ್ತಕವೇ ಇದೆ, 2009ರಿಂದ.

ಇತಿಹಾಸಕಾರ ಹ್ಯೂ ಟ್ರೆವರ್ ರೋಪರ್ ಇದನ್ನೆಲ್ಲ ಕಟ್ಟುಕಥೆ ಅಂತ ಲೇವಡಿ ಮಾಡಿದ. ನನಗೆ ಅದು ಅರ್ಧ ಮಾತ್ರ ಸರಿ ಅನಿಸುತ್ತೆ. ಹೆಚ್ಚಿನ ಕುಲಗಳ ಟಾರ್ಟನ್ ಅಂಗಡಿಯಲ್ಲಿ ಹುಟ್ಟಿದ್ದು, ನಿಜ. ಮೆಕೆಂಜಿಗಳದ್ದು ರೆಜಿಮೆಂಟಿನಲ್ಲಿ ಹುಟ್ಟಿದ್ದು. ಅದಕ್ಕೆ ಇಸವಿ ಇದೆ, ಹಾಜರಿ ಪಟ್ಟಿ ಇದೆ, ಸತ್ತವರ ಲೆಕ್ಕ ಇದೆ. ಸಾವಿರ ವರ್ಷ ಹಳೆಯದಲ್ಲ ಅನ್ನೋ ಕಾರಣಕ್ಕೆ ಅದನ್ನು ಸುಳ್ಳು ಅಂದರೆ ಆ ಹುಡುಗರಿಗೆ ಅನ್ಯಾಯ.

ಸೀಫೋರ್ತ್ ಮನೆ ಮಾತ್ರ ಮುಳುಗಿತು. ಕೊನೆಯ ಲಾರ್ಡ್ ಸೀಫೋರ್ತ್ ಫ್ರಾನ್ಸಿಸ್ ಮೆಕೆಂಜಿ, ಆ ಸಾರಂಗದ ಚಿತ್ರ ಬರೆಸಿದವನು, ಬಾಲ್ಯದ ಜ್ವರದಲ್ಲಿ ಕಿವುಡನಾಗಿದ್ದ. 1793ರಲ್ಲಿ 78ನೇ ರೆಜಿಮೆಂಟ್ ಕಟ್ಟಿದ್ದೂ ಅವನೇ. ಗಂಡುಮಕ್ಕಳೆಲ್ಲ ಅವನ ಕಣ್ಣೆದುರೇ ತೀರಿಕೊಂಡರು. 1815ರ ಜನವರಿಯಲ್ಲಿ ಅವನೂ ಹೋದ, ಪದವಿಯೂ ಹೋಯ್ತು. ಮಗಳು ಮೇರಿಯ ಗಂಡ, ಅಡ್ಮಿರಲ್ ಹುಡ್, ಅದಕ್ಕೆ ಕೆಲವೇ ದಿನ ಮೊದಲು ನಮ್ಮ ಮದ್ರಾಸಿನಲ್ಲಿ ಸತ್ತಿದ್ದ. ಇದನ್ನೆಲ್ಲ ಬ್ರಾಹನ್‌ನ ಕಾಲಜ್ಞಾನಿಯೊಬ್ಬ ಮೊದಲೇ ಹೇಳಿದ್ದ ಅಂತ ಅಲ್ಲಿಯ ಜನ ಇವತ್ತಿಗೂ ಹೇಳುತ್ತಾರೆ. ಸಾಲಕ್ಕೆ ಜಮೀನು ಕರಗಿತು. 1844ರಲ್ಲಿ ಲೂಯಿಸ್ ದ್ವೀಪವನ್ನು ಮಾರಿದರು. ಕೊಂಡವನು ಜೇಮ್ಸ್ ಮ್ಯಾಥಿಸನ್, ಚೀನಾಕ್ಕೆ ಅಫೀಮು ಮಾರಿ ಶ್ರೀಮಂತನಾದವನು. ಈಗ ಕುಲದ ಮುಖ್ಯಸ್ಥಿಕೆ ಇರೋದು ಕ್ರೊಮಾರ್ಟಿ ಕವಲಿನಲ್ಲಿ, ಕಾಸಲ್ ಲಾಯ್ಡ್ ಅನ್ನೋ ಹಳೆಯ ಕೋಟೆಮನೆಯಲ್ಲಿ.

ಅದೇ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನಲ್ಲಿ 1754ರ ಹೊತ್ತಿಗೆ ಹುಟ್ಟಿ, ಅಲ್ಲಿಯ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಕಾಲಿನ್ ಮೆಕೆಂಜಿ ಇದ್ದ. ಸೀಫೋರ್ತ್ ಮನೆಯವರ ಶಿಫಾರಸಿನಿಂದ ಕಂಪನಿಯ ಕೆಲಸ ಹಿಡಿದು 1783ರಲ್ಲಿ ಮದ್ರಾಸಿಗೆ ಬಂದ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿದ್ದ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಕೆಲಸ ಅವನಿಗೆ ಬಂತು. ಗಡಿ ಗುರುತಿಸೋದು ಅವನ ಕೆಲಸ. ಅವನು ಮಾಡಿದ್ದು ಅದಕ್ಕಿಂತ ತುಂಬಾ ಹೆಚ್ಚು. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸಹೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಇಂಥವರನ್ನು ಊರೂರಿಗೆ ಕಳಿಸಿ ಶಾನುಭೋಗರ ಕಡತ, ದೇವಸ್ಥಾನದ ಶಾಸನ, ಮಠದ ಕಥೆ, ಪಾಳೆಯಗಾರರ ವಂಶಾವಳಿ ಎಲ್ಲವನ್ನೂ ಬರೆಸಿಕೊಂಡ. ಅವನು ಸತ್ತ ಮೇಲೆ ಲೆಕ್ಕ ಹಾಕಿದಾಗ 8,076 ಶಾಸನಗಳ ಪ್ರತಿ, 6,218 ನಾಣ್ಯ, 1,568 ಹಸ್ತಪ್ರತಿಗಳಿದ್ದವು. ಆ ರಾಶಿಯಲ್ಲಿದ್ದ ಕನ್ನಡದ ಕೈಫಿಯತ್ತುಗಳನ್ನು ಎರಡು ಶತಮಾನ ಕಳೆದ ಮೇಲೆ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಪ್ರಕಟಿಸಿದರು. ನಿಮ್ಮ ಊರಿನ ಹೆಸರು ಅದರಲ್ಲಿ ಇರಬಹುದು, ಹುಡುಕಿ ನೋಡಿ.

1815ರಲ್ಲಿ ಅವನು ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರಲ್ಲಿ ಕಲ್ಕತ್ತೆಯ ಬಳಿ ತೀರಿಕೊಂಡ. ಸ್ಟಾರ್ನೊವೇಗೆ ವಾಪಸ್ ಹೋಗಲೇ ಇಲ್ಲ. ಥಾಮಸ್ ಹಿಕಿ 1816ರಲ್ಲಿ ಬರೆದ ಅವನ ಚಿತ್ರವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಂಪನಿಯ ಕೆಂಪಂಗಿ ಹಾಕಿ ನಿಂತಿದ್ದಾನೆ. ಸುತ್ತ ಮೂವರು ಭಾರತೀಯ ಸಹಾಯಕರು, ಒಬ್ಬನ ಕೈಯಲ್ಲಿ ತಾಳೆಗರಿ, ಇನ್ನೊಬ್ಬನ ಕೈಯಲ್ಲಿ ದುರ್ಬೀನು. ದೂರದ ಬೆಟ್ಟದ ಮೇಲೆ ನಮ್ಮ ಗೊಮ್ಮಟ. ಎಲ್ಲಿ ಹುಡುಕಿದರೂ ಅವನ ಮೈಮೇಲೆ ಒಂದು ಚೂರು ಟಾರ್ಟನ್ ಇಲ್ಲ.